ಡೊಳ್ಳಿಗೆ ಯಾವ ಬಣ್ಣ?

ಪ್ರಶ್ನೆ: ನಮ್ಮ ಡೊಳ್ಳಿಗೆ ಬಣ್ಣ ಹಚ್ಚಿದರೆ ದನಿ ಕೆಡುತ್ತದೆಯೇ?
– ಓದುಗರೊಬ್ಬರು, ಗೋವಿನಕೋವಿ

ಉತ್ತರ: ಕೆಡದು. ಡೊಳ್ಳಿನ ನಾದ ಮುಖ್ಯವಾಗಿ ಚರ್ಮದ್ದು, ಒಳಗಿನ ಗಾಳಿಯದ್ದು. ದಪ್ಪ ಮರದ ಮೈ ಅಷ್ಟಾಗಿ ಕಂಪಿಸುವುದಿಲ್ಲ. ಮೆರವಣಿಗೆಯಲ್ಲಿ ಮಳೆಗೂ ಸಿಕ್ಕುವ ವಾದ್ಯವಾದ್ದರಿಂದ ಎನಾಮಲ್ ಪೇಂಟೇ ಒಳ್ಳೆಯದು. ಹಳೆಯ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ, ತೆಳುವಾಗಿ ಎರಡು ಸಲ ಬಳಿಯಿರಿ.

ತಂಬೂರಿಯ ಮಾತು ಬೇರೆ. ಅಲ್ಲಿ ತೆಳುವಾದ ಮೇಲ್ಹಲಗೆಯೇ ಕಂಪಿಸಬೇಕು. ದಪ್ಪ ಪೇಂಟ್ ಅದರ ನಾದವನ್ನು ಮಂಕಾಗಿಸುತ್ತದೆ. ಸ್ಪಿರಿಟ್‌ನಲ್ಲಿ ಕರಗಿಸಿದ ಅರಗಿನ ಪಾಲಿಶ್ ಸಾಕು. ಚನ್ನಪಟ್ಟಣದ ಗೊಂಬೆಗಳ ಹೊಳಪೂ ಅರಗಿನದೇ. ಅಲ್ಲಿ ಸ್ಪಿರಿಟ್ ಬೇಡ: ತಿರುಗುವ ಮರಕ್ಕೆ ಒತ್ತಿದ ಬಣ್ಣದರಗು ಉಜ್ಜಿದ ಕಾವಿಗೇ ಕರಗಿ ಅಂಟಿಕೊಳ್ಳುತ್ತದೆ. ಆದರೆ ಅರಗಿನ ಮೇಲೆ ನೀರು ನಿಂತರೆ ಬಿಳಿ ಕಲೆಯಾದೀತು.

ಡೊಳ್ಳಿನ ಚರ್ಮಕ್ಕೆ, ಹಗ್ಗಕ್ಕೆ ಮಾತ್ರ ಪೇಂಟ್ ತಾಗಿಸಬೇಡಿ.