ಎರಡು ಸಿಡಿಲು, ಒಂದು ದೆವ್ವ

ಬೀದರ್ ನಗರದಿಂದ ಪೂರ್ವಕ್ಕೆ ಮೂರು ಕಿಲೋಮೀಟರ್ ಹೋದರೆ ಅಷ್ಟೂರು. ಹೊಲಗಳ ಮಗ್ಗುಲಲ್ಲಿ ಸಾಲಾಗಿ ನಿಂತ ಬಹಮನಿ ಸುಲ್ತಾನರ ಗೋರಿಗಳಲ್ಲಿ ಒಂದಕ್ಕೆ ಗುಮ್ಮಟವೇ ಅರ್ಧ ಇಲ್ಲ. ಗೋಡೆ ಎಷ್ಟು ದಪ್ಪ, ಕಮಾನು ಹೇಗೆ ಬಾಗಿದೆ ಎಂಬುದೆಲ್ಲ ಹೊರಗಿನಿಂದಲೇ ಕಾಣುತ್ತದೆ. ಇದು 1458ರಿಂದ 1461ರವರೆಗೆ ಆಳಿದ ಹುಮಾಯೂನ್ ಶಾಹನ ಗೋರಿ. ಊರವರ ಬಾಯಲ್ಲಿ ಅವನು ‘ಜಾಲಿಂ’, ಅಂದರೆ ಕ್ರೂರಿ. ಗುಮ್ಮಟಕ್ಕೆ ಸಿಡಿಲು ಬಡಿಯಿತು ಎನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. ಯಾಕೆ ಬಡಿಯಿತು ಎಂಬಲ್ಲಿಂದ ಕಥೆ ಶುರುವಾಗುತ್ತದೆ: ಬದುಕಿದ್ದಾಗ ಮಾಡಿದ್ದಕ್ಕೆ ಸತ್ತ ಮೇಲೂ ಮೇಲಿನವನು ಬಿಡಲಿಲ್ಲವಂತೆ.

ಬೀದರಿನಲ್ಲಿ ದೆವ್ವದ ಪ್ರವಾಸ ಎಂದು ಯಾರಾದರೂ ಟಿಕೆಟ್ ಹರಿದರೆ ಮೊದಲ ನಿಲ್ದಾಣ ಇದೇ ಆಗುವುದರಲ್ಲಿ ಅನುಮಾನವಿಲ್ಲ. ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ 1973ರಿಂದ ಸಂಜೆಯ ‘ದೆವ್ವದ ನಡಿಗೆ’ ನಡೆಯುತ್ತಿದೆ. ರಾಜಸ್ಥಾನದ ಭಾನಗಢ ಕೋಟೆಗೆ ಕತ್ತಲಾದ ಮೇಲೆ ಪ್ರವೇಶವಿಲ್ಲ ಎಂಬ ಪುರಾತತ್ತ್ವ ಇಲಾಖೆಯ ಫಲಕವೇ ಅದಕ್ಕೆ ದೊಡ್ಡ ಜಾಹೀರಾತು. ಬೀದರ್ ಕೋಟೆಯನ್ನೂ ಸಂಜೆ ಮುಚ್ಚುತ್ತಾರೆ. ಕಾವಲುಗಾರ ಮನೆಗೆ ಹೋಗಬೇಕಲ್ಲ.

ಜಾಲಿಂನ ಕಥೆ ಹುಟ್ಟಿದ್ದು ಗೋರಿಯಲ್ಲಲ್ಲ, ಅರಮನೆಯ ಜಗಳದಲ್ಲಿ. ಹುಮಾಯೂನ್ ತೆಲಂಗಾಣದ ದಂಡಯಾತ್ರೆಯಲ್ಲಿದ್ದಾಗ ಇತ್ತ ಬೀದರಿನ ಸೆರೆಮನೆ ಒಡೆದು ಅವನ ತಮ್ಮ ಹಸನ್ ಖಾನನನ್ನು ಬಿಡಿಸಿಕೊಂಡು ಹೋದರು. ಅರಸ ಹಿಂತಿರುಗಿ ಬಂದು ಸೇಡು ತೀರಿಸಿಕೊಂಡ. ತಮ್ಮನನ್ನು ಹುಲಿಯ ಮುಂದೆ ಎಸೆದ, ಬಂಡುಕೋರರನ್ನು ಕುದಿಯುವ ಎಣ್ಣೆಗೆ ಹಾಕಿಸಿದ, ಕಾವಲಿನಲ್ಲಿ ತಪ್ಪಿದ ಕೊತ್ವಾಲನನ್ನು ಪಂಜರದಲ್ಲಿಟ್ಟು ದಿನಕ್ಕಿಷ್ಟು ಕೊಯ್ಯಿಸಿದ. ಇವನ್ನೆಲ್ಲ ವಿಸ್ತಾರವಾಗಿ ಬರೆದವನು ಫೆರಿಶ್ತಾ. ಅವನು ಬರೆದದ್ದು ವಿಜಯಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ, ಹುಮಾಯೂನ್ ಸತ್ತು ಸುಮಾರು ಒಂದೂವರೆ ಶತಮಾನದ ನಂತರ. ಬಹಮನಿಗಳ ಇತಿಹಾಸ ಬರೆದ ಎಚ್.ಕೆ. ಶೇರ್ವಾನಿ ಈ ಪಟ್ಟಿಯನ್ನು ಓದಿ ಹುಬ್ಬೇರಿಸಿದರು. ಅರಸ ಸಂತನೇನೂ ಅಲ್ಲ, ಆದರೆ ಸೋತ ಬಣದವರು ಅವನ ಹೆಸರಿಗೆ ಮಸಿ ಬಳಿದದ್ದೂ ಇದರಲ್ಲಿದೆ ಎಂಬುದು ಅವರ ವಾದ. ನನಗೆ ಶೇರ್ವಾನಿಯವರ ಅನುಮಾನ ಸರಿ ಅನಿಸುತ್ತದೆ. ಆದರೆ ಅಷ್ಟೂರಿನಲ್ಲಿ ಅರ್ಧ ಗುಮ್ಮಟದ ಮುಂದೆ ನಿಂತವರಿಗೆ ಇತಿಹಾಸಕಾರರ ವಾದ ಯಾರಿಗೆ ಬೇಕು? ಪುರಾವೆ ಕಣ್ಣೆದುರಿಗೇ ಬಾಯಿ ತೆರೆದು ನಿಂತಿದೆ.

ಇನ್ನೊಂದು ಸಿಡಿಲಿನ ಮಾತಿಗೆ ಬರೋಣ. ನಗರದೊಳಗೆ ಮಹಮೂದ್ ಗವಾನನ ಮದರಸಾ ಇದೆ. 1472ರಲ್ಲಿ ಮುಗಿದ ಮೂರಂತಸ್ತಿನ ವಿದ್ಯಾಲಯ; ಇರಾನಿನ ಬಣ್ಣದ ಹಂಚುಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. ಔರಂಗಜೇಬನ ಕಾಲದಲ್ಲಿ ಇಲ್ಲಿ ಸೈನಿಕರು ಬೀಡುಬಿಟ್ಟಿದ್ದರು, ಮದ್ದನ್ನೂ ಇಟ್ಟಿದ್ದರು. 1696ರ ಸುಮಾರಿಗೆ ಸಿಡಿಲು ಬಿದ್ದು ಮದ್ದು ಹೊತ್ತಿಕೊಂಡು ಮುಂಭಾಗದ ದೊಡ್ಡ ಪಾಲು, ಒಂದು ಮಿನಾರು ಸಹಿತ, ಉರುಳಿಹೋಯಿತು. ಅದೇ ಆಕಾಶ, ಅದೇ ಮಳೆಗಾಲದ ಊರು. ಇಲ್ಲಿ ಮಾತ್ರ ದೇವರ ಕೋಪದ ಮಾತಿಲ್ಲ. ಪಾಪ, ಎಂಥ ಕಟ್ಟಡ ಹಾಳಾಯಿತು ಎಂದು ಮರುಗುತ್ತಾರೆ. ಸಿಡಿಲು ಎರಡೂ ಕಡೆ ಬಿತ್ತು, ಕಥೆ ಒಂದೇ ಕಡೆ ಚಿಗುರಿತು.

ಹಾಗೆ ನೋಡಿದರೆ ಬೀದರಿನ ನಿಜವಾದ ದೆವ್ವದ ಕಥೆ ಗವಾನನದೇ, ಅದೂ ಚರಿತ್ರೆಯ ಪುಟದಲ್ಲೇ ಇದೆ. ಹುಮಾಯೂನನ ಮಗ ಮೂರನೇ ಮುಹಮ್ಮದ್ ಶಾಹನಿಗೆ ಗವಾನ್ ವಜೀರ. ಅವನನ್ನು ಕಂಡರಾಗದವರು ಮುದ್ರೆ ಕಾಯುವವನನ್ನು ಒಳಗೆ ಹಾಕಿಕೊಂಡು ಖಾಲಿ ಕಾಗದಕ್ಕೆ ಗವಾನನ ಮುದ್ರೆ ಒತ್ತಿಸಿದರು. ಅದರ ಮೇಲೆ ಒಡಿಶಾದ ರಾಜನನ್ನು ದಂಡೆತ್ತಿ ಬರಲು ಕರೆಯುವ ಪತ್ರ ಸೃಷ್ಟಿಯಾಯಿತು. ಕುಡಿದ ಅಮಲಿನಲ್ಲಿದ್ದ ಸುಲ್ತಾನ ಹಿಂದುಮುಂದು ನೋಡದೆ 1481ರ ಏಪ್ರಿಲ್ 5ರಂದು ಆ ಮುದುಕನ ತಲೆ ತೆಗೆಸಿದ. ಪತ್ರ ಸುಳ್ಳೆಂದು ತಿಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ವರ್ಷ ತುಂಬುವ ಮೊದಲೇ, 1482ರ ಮಾರ್ಚಿನಲ್ಲಿ, ಸುಲ್ತಾನನೂ ಸತ್ತ. ಗವಾನ್ ಬಂದು ತನ್ನನ್ನು ಸೀಳುತ್ತಿದ್ದಾನೆ ಎಂದು ಕಡೆಗಳಿಗೆಯಲ್ಲಿ ಚೀರಿದನೆಂದು ಹಳೆಯ ಬರಹಗಳು ಹೇಳುತ್ತವೆ. ಊರು ಮಾತ್ರ ಗವಾನನನ್ನು ದೆವ್ವ ಮಾಡಲಿಲ್ಲ. ಗೋರ್ನಳ್ಳಿಯಲ್ಲಿ ಅವನ ಗೋರಿ ಆಡಂಬರವಿಲ್ಲದೆ ತಣ್ಣಗಿದೆ.

ಅಷ್ಟೂರಿನಲ್ಲೇ ಇನ್ನೂ ಸೋಜಿಗವಿದೆ. ಅದೇ ಸಾಲಿನಲ್ಲಿ ಹುಮಾಯೂನನ ಅಜ್ಜ ಅಹಮದ್ ಶಾಹನ ಗೋರಿ. ಅಜ್ಜನನ್ನು ಮುಸ್ಲಿಮರು ‘ವಲಿ’ ಎಂದರೆ ಹಿಂದೂಗಳು ಅಲ್ಲಮಪ್ರಭು ಎಂದು ಕೈಮುಗಿಯುತ್ತಾರೆ. ಉರುಸಿಗೆ ಆಳಂದ ತಾಲ್ಲೂಕಿನ ಮಾಡಿಯಾಳದಿಂದ ಜಂಗಮರು ಕಾಲ್ನಡಿಗೆಯಲ್ಲಿ ಬರುತ್ತಾರೆ. ಗೋರಿಗಳ ನಡುವೆ ಜಾತ್ರೆ ಕೂಡುತ್ತದೆ. ಒಂದೇ ಮನೆತನ, ಒಂದೇ ಸ್ಮಶಾನ. ಅಜ್ಜ ದೇವರಾದ, ಮೊಮ್ಮಗ ಪೀಡೆಯಾದ.

ನೆಲದಡಿಯ ಕಥೆಗಳನ್ನು ಬೇಗ ಮುಗಿಸಬಹುದು. ನೌಬಾದಿನ ‘ಸುರಂಗ ಬಾವಿ’ ನಿಗೂಢ ದಾರಿಯಂತೆ ಕಂಡರೂ ಅದು ಇರಾನಿನ ತಂತ್ರದ ಕರೇಜ್: ಜಂಬಿಟ್ಟಿಗೆಯನ್ನು ಕೊರೆದು, ಅಂತರ್ಜಲವನ್ನು ಸಣ್ಣ ಇಳಿಜಾರಿನಲ್ಲಿ ಊರಿಗೆ ಹರಿಸುವ ಕಾಲುವೆ. ನೆಲದ ಮೇಲೆ ಅಲ್ಲಲ್ಲಿ ಕಾಣುವ ಬಾಯಿಗಳು ಗಾಳಿಗೆ, ಹೂಳು ತೆಗೆಯುವುದಕ್ಕೆ. ಝರಣಿ ನರಸಿಂಹನ ಗವಿಯಲ್ಲಿ ರಾಕ್ಷಸನೇ ನೀರಾಗಿ ಹರಿದ ಎಂಬ ಐತಿಹ್ಯ. ಎದೆಮಟ್ಟದ ನೀರು, ತಲೆಯ ಮೇಲೆ ಬಾವಲಿ, ಮೂಗಿಗೆ ಅವುಗಳ ವಾಸನೆ, ಆದರೂ ಜನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಗುತ್ತಲೇ ಒಳಗೆ ನಡೆಯುತ್ತಾರೆ. ಹೆದರಬೇಕಾದ ಕಡೆ ಇವರು ಹೆದರುವುದಿಲ್ಲ!

ಹೆದರಿಕೆ ಇರುವುದು ಬೇರೆ ಕಡೆ. ಭಾಲ್ಕಿ, ಔರಾದ್ ಕಡೆಯ ಹಳ್ಳಿಗಳಲ್ಲಿ ಸುಲ್ತಾನರ ದೆವ್ವವನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಅಲ್ಲಿ ದನಿ ತಗ್ಗಿಸಿ ಆಡುವ ಮಾತು ಭಾನಾಮತಿ. ಮನೆಯ ಮೇಲೆ ಕಲ್ಲು ಬೀಳುತ್ತದೆ, ಪೆಟ್ಟಿಗೆಯಲ್ಲಿಟ್ಟ ಸೀರೆ ತಾನಾಗಿ ಸುಡುತ್ತದೆ, ಹೆಂಗಸರು ನಾಯಿಯಂತೆ ಬೊಗಳುತ್ತಾರೆ. ಬೀದರ್, ಕಲಬುರಗಿ, ಗಡಿಯಾಚೆಯ ಮೇದಕ್, ಮರಾಠವಾಡದವರೆಗೂ ಇದೇ ಲಕ್ಷಣ, ಇದೇ ಹೆಸರು. ಹೇಳಿಕೊಳ್ಳಲಾಗದ ಸಂಕಟ ಮೈಯಲ್ಲಿ ಹೀಗೆ ಒಡೆದು ಬರುತ್ತದೆ ಎಂದು ಮನೋವೈದ್ಯರು ಹೇಳುತ್ತಾರೆ. ಹಳ್ಳಿ ಹುಡುಕುವುದು ಮಾಡಿಸಿದವರನ್ನು. ಬೆರಳು ಹೊರಳುವುದು ಒಂಟಿ ಮುದುಕಿಯ ಕಡೆಗೆ, ಇಲ್ಲವೆ ಹೊಲದ ತಂಟೆಯಿರುವ ದಾಯಾದಿಯ ಕಡೆಗೆ. ಶರಣರು 12ನೇ ಶತಮಾನದಲ್ಲಿ ಕ್ಷುದ್ರ ದೈವಗಳನ್ನು ಗೇಲಿ ಮಾಡಿದ ಕಲ್ಯಾಣ ಇರುವುದೂ ಇದೇ ಜಿಲ್ಲೆಯಲ್ಲಿ! ಭೂತ ಕರೆಸುತ್ತೇನೆಂದು ಜನರಲ್ಲಿ ಭಯ ಹುಟ್ಟಿಸುವುದನ್ನು ಅಪರಾಧವೆನ್ನುವ ಮೌಢ್ಯ ವಿರೋಧಿ ಕಾಯ್ದೆ ರಾಜ್ಯದಲ್ಲಿ 2017ರಲ್ಲಿ ಬಂದು, 2020ರ ಜನವರಿಯಿಂದ ಜಾರಿಯಲ್ಲಿದೆ.

ಆದ್ದರಿಂದ ದೆವ್ವದ ಪ್ರವಾಸ ಬೀದರಿಗೆ ಬಂದರೆ ನನ್ನದೇನೂ ಅಡ್ಡಿಯಿಲ್ಲ, ಬಸ್ಸು ಭಾನಾಮತಿಯ ಹಳ್ಳಿಗಳಿಗೆ ಹೋಗದಿದ್ದರೆ ಆಯಿತು. ಸುಲ್ತಾನರ ಬಗ್ಗೆ ಏನು ಹೇಳಿದರೂ ಅವರ ಕೂದಲು ಕೊಂಕುವುದಿಲ್ಲ. ಗೈಡ್ ಬೇಕಾದರೆ ಬೆಳಿಗ್ಗೆ ಮದರಸಾದ ಮುರಿದ ಮುಂಭಾಗದಿಂದ ಶುರುಮಾಡಲಿ, ಅಲ್ಲಿಂದ ಗೋರ್ನಳ್ಳಿಗೆ, ಬಿಸಿಲು ಇಳಿದ ಮೇಲೆ ಅಷ್ಟೂರಿಗೆ. ಜಾಲಿಂನ ಕಥೆ ಹೇಳುವಾಗ ಫೆರಿಶ್ತಾನ ಹುಲಿಯ ಜೊತೆ ಶೇರ್ವಾನಿಯವರ ತಕರಾರನ್ನೂ ಎರಡು ನಿಮಿಷ ಹೇಳಬೇಕು, ಅಷ್ಟೇ ಶರತ್ತು.