ಮುಪ್ಪಿನ ಬಡತನ ಮತ್ತು ಬೆಲೆಯೊಡನೆ ಏರುವ ಪಿಂಚಣಿ

ಸರ್ಕಾರಿ ಪಿಂಚಣಿ ವೃದ್ಧರ ಬಡತನವನ್ನು ಎಷ್ಟರಮಟ್ಟಿಗೆ ತಗ್ಗಿಸಬಲ್ಲದು ಎಂಬುದಕ್ಕೆ ಅಮೆರಿಕದ ಅನುಭವ ಬಲವಾದ ಸಾಕ್ಷ್ಯ ಒದಗಿಸುತ್ತದೆ. 1959ರಲ್ಲಿ ಅಲ್ಲಿ 65 ವರ್ಷ ದಾಟಿದವರಲ್ಲಿ ಶೇ 35ರಷ್ಟು ಜನ ಬಡತನದ ರೇಖೆಯ ಕೆಳಗಿದ್ದರೆ, ಶತಮಾನದ ಕೊನೆಗೆ ಆ ಪ್ರಮಾಣ ಶೇ 10ರ ಆಸುಪಾಸಿಗೆ ಇಳಿದಿತ್ತು. ಈ ರೇಖೆ, ಸಾಮಾಜಿಕ ಭದ್ರತಾ ಇಲಾಖೆಯಲ್ಲಿದ್ದ ಮಾಲಿ ಆರ್ಶಾನ್‌ಸ್ಕಿ ಎಂಬಾಕೆ 1960ರ ದಶಕದಲ್ಲಿ ಕುಟುಂಬವೊಂದರ ಮಿತವ್ಯಯದ ಊಟದ ಖರ್ಚನ್ನು ಮೂರರಿಂದ ಗುಣಿಸಿ ಗುರುತಿಸಿದ ಆದಾಯದ ಮಟ್ಟ.

1935ರ ಸಾಮಾಜಿಕ ಭದ್ರತಾ ಕಾಯ್ದೆಯ ಪ್ರಕಾರ ಕೆಲಸಗಾರರೂ ಮಾಲೀಕರೂ ಸಂಬಳದ ಒಂದು ಪಾಲನ್ನು ತೆರಿಗೆಯಾಗಿ ಕಟ್ಟುತ್ತಾರೆ. ಇಂದು ದುಡಿಯುವವರ ಹಣದಿಂದಲೇ ಬಹುಮಟ್ಟಿಗೆ ಇಂದಿನ ವೃದ್ಧರ ಪಿಂಚಣಿ ಸಲ್ಲುತ್ತದೆ. ವರ್ಮಾಂಟ್ ರಾಜ್ಯದ ಐಡಾ ಮೇ ಫುಲ್ಲರ್ 1940ರ ಜನವರಿ 31ರ ದಿನಾಂಕದ ಮೊದಲ ಮಾಸಿಕ ಚೆಕ್ಕನ್ನು ಪಡೆದರು. ಮೊತ್ತ 22 ಡಾಲರ್ 54 ಸೆಂಟ್. ಅದಕ್ಕೆ ಮೊದಲು ಆಕೆ ಕಟ್ಟಿದ್ದ ತೆರಿಗೆ ಒಟ್ಟು 25 ಡಾಲರನ್ನೂ ಮುಟ್ಟಿರಲಿಲ್ಲ, ಆದರೆ ನೂರು ವರ್ಷ ಬದುಕಿದ ಆಕೆಗೆ ಕೊನೆಯತನಕ ಪಿಂಚಣಿ ತಪ್ಪಲಿಲ್ಲ. ಆದರೂ ಆರಂಭದಲ್ಲಿ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಕಾಯ್ದೆ ಹೊರಗಿಟ್ಟದ್ದು ದೊಡ್ಡ ಅನ್ಯಾಯವೇ ಸರಿ. ಹಾಗೆ ಹೊರಗುಳಿದವರಲ್ಲಿ ಕಪ್ಪು ಜನರ ಪಾಲು ಹೆಚ್ಚಾಗಿತ್ತು. 1950ರ ದಶಕದಲ್ಲಷ್ಟೇ ಅವರಿಗೆ ಬಾಗಿಲು ತೆರೆಯಿತು.

ಬಡತನ ಅತಿ ವೇಗವಾಗಿ ಇಳಿದದ್ದು ಪಿಂಚಣಿಯ ಮೊತ್ತ ಏರಿದ ಕಾಲದಲ್ಲಿ. 1967ರಿಂದ 1974ರೊಳಗೆ ಬಡ ವೃದ್ಧರ ಪ್ರಮಾಣ ಅರ್ಧಕ್ಕೆ ಇಳಿಯಿತು. 1972ರ ಶಾಸನವು ಪಿಂಚಣಿಯನ್ನು ಒಮ್ಮೆಲೇ ಶೇ 20ರಷ್ಟು ಹೆಚ್ಚಿಸಿದ್ದಲ್ಲದೆ, 1975ರಿಂದ ಅದು ಬೆಲೆ ಏರಿಕೆಗೆ ತಕ್ಕಂತೆ ತಾನಾಗಿಯೇ ಏರುವಂತೆ ಮಾಡಿತು. 1967ರಿಂದ 2000ದವರೆಗಿನ ಇಳಿಕೆಯಷ್ಟನ್ನೂ ಪಿಂಚಣಿಯ ಹೆಚ್ಚಳದಿಂದಲೇ ವಿವರಿಸಬಹುದೆಂಬ ತೀರ್ಮಾನಕ್ಕೆ ಅರ್ಥಶಾಸ್ತ್ರಜ್ಞರಾದ ಗ್ಯಾರಿ ಎಂಗೆಲ್‌ಹಾರ್ಟ್ ಮತ್ತು ಜೊನಾಥನ್ ಗ್ರೂಬರ್ ಬಂದಿದ್ದಾರೆ. ಕೈಯಲ್ಲಿ ನಾಲ್ಕು ಕಾಸು ಸೇರಿದ ಮೇಲೆ ಮಕ್ಕಳ ಮನೆ ಬಿಟ್ಟು ಸ್ವಂತ ಸೂರಿನಡಿ ಉಳಿದ ಹಿರಿಯರೂ ಅಲ್ಲಿ ಕಡಿಮೆಯಲ್ಲ. ಅದನ್ನು ಕುಟುಂಬ ಒಡೆದ ಲಕ್ಷಣವೆಂದು ನೋಡುವುದು ಸರಿಯಾಗದು. ಯಾರ ಹಂಗಿಗೂ ಬೀಳದೆ ಬದುಕಬೇಕೆಂಬ ಆಸೆ ಮುಪ್ಪಿನಲ್ಲೂ ಉಳಿದಿರುತ್ತದೆ.

ಭಾರತದಲ್ಲಿ ಸಂವಿಧಾನದ 41ನೆಯ ವಿಧಿಯು ವೃದ್ಧಾಪ್ಯದಲ್ಲಿ ಸರ್ಕಾರದ ನೆರವನ್ನು ರಾಜ್ಯನೀತಿಯ ನಿರ್ದೇಶಕ ತತ್ವಗಳಲ್ಲಿ ಸೇರಿಸಿದೆ. ಅದನ್ನು ನೆನೆದು 1995ರ ಆಗಸ್ಟ್ 15ರಂದು ಆರಂಭವಾದ ಕೇಂದ್ರದ ಯೋಜನೆ ವಂತಿಗೆ ಕಟ್ಟಿಸಿಕೊಂಡು ನಡೆಯುವ ವಿಮೆಯಲ್ಲ, ಬಡವರಿಗೆ ತೆರಿಗೆ ಹಣದಿಂದ ಕೊಡುವ ಸಾಮಾಜಿಕ ನೆರವು. ತಿಂಗಳಿಗೆ 75 ರೂಪಾಯಿ ಇದ್ದ ಅದರ ಮೊತ್ತ 2006ರಲ್ಲಿ 200 ಆಯಿತು. 2011ರಿಂದ 80 ದಾಟಿದವರಿಗೆ 500 ಸಿಗುತ್ತಿದ್ದರೂ, ಉಳಿದವರ ಪಾಲಿಗೆ ಕೇಂದ್ರ ಕೊಡುವುದು ಅದೇ 200. ಅಕ್ಕಿ, ಬೇಳೆ, ಮಾತ್ರೆಗಳ ಬೆಲೆ ನಿಂತಲ್ಲಿ ನಿಲ್ಲದಿರುವಾಗ ಆ 200ರ ಕೊಳ್ಳುವ ಶಕ್ತಿ ವರ್ಷದಿಂದ ವರ್ಷಕ್ಕೆ ಕರಗುತ್ತಿದೆ. ಕರ್ನಾಟಕವು 2007ರಲ್ಲಿ ಸಣ್ಣ ರೈತರು, ಕೃಷಿ ಕೂಲಿಗಳು, ನೇಕಾರರು ಮುಂತಾದವರಿಗಾಗಿ ಸಂಧ್ಯಾ ಸುರಕ್ಷಾ ಯೋಜನೆಯನ್ನು ತಂದು, 2021ರಲ್ಲಿ ಮಾಸಾಶನವನ್ನು 1,000ದಿಂದ 1,200 ರೂಪಾಯಿಗೆ ಏರಿಸಿದ್ದು ನಿಜಕ್ಕೂ ದೊಡ್ಡ ಆಸರೆ. ಆದರೆ ಈ ಮೊತ್ತವೂ ಬೆಲೆಯೊಡನೆ ತಾನಾಗಿ ಏರುವಂಥದ್ದಲ್ಲ. ಸರ್ಕಾರ ಮನಸ್ಸು ಮಾಡಿದ ವರ್ಷ ಏರುತ್ತದೆ, ಉಳಿದ ವರ್ಷಗಳಲ್ಲಿ ಬೆಲೆ ಏರಿಕೆಯ ಹೊರೆಯನ್ನು ವೃದ್ಧರೇ ಹೊರಬೇಕಾಗುತ್ತದೆ.