ಒಂದು ದಿಬ್ಬ, ಒಂದು ಕಾನೂನು

ಇಂಗ್ಲೆಂಡಿನ ವಿಲ್ಟ್‌ಶೈರ್‌ನಲ್ಲಿ, ಏವ್‌ಬರಿ ಹಳ್ಳಿಯ ದಕ್ಷಿಣಕ್ಕೆ, ಏರುಭೂಮಿಯ ನೆತ್ತಿಯ ಮೇಲೆ ಸುಮಾರು 100 ಮೀಟರ್ ಉದ್ದದ ಹುಲ್ಲು ಬೆಳೆದ ದಿಬ್ಬವೊಂದಿದೆ. ಹೆಸರು ವೆಸ್ಟ್ ಕೆನೆಟ್ ಲಾಂಗ್ ಬ್ಯಾರೋ. ಕ್ರಿ.ಪೂ. 3650ರ ಆಸುಪಾಸಿನಲ್ಲಿ ಅಲ್ಲಿನ ಆದಿ ಬೇಸಾಯಗಾರರು ಕಟ್ಟಿದ ಸಮಾಧಿ ಇದು. ಸ್ಟೋನ್‌ಹೆಂಜ್‌ನ ಹೆಬ್ಬಂಡೆಗಳು ಎದ್ದು ನಿಂತದ್ದು ಇದಾದ ಸಾವಿರ ವರ್ಷಗಳ ಮೇಲೆ.

ದಿಬ್ಬದ ಪೂರ್ವದ ತುದಿಯಲ್ಲಿ ಐದು ಕಲ್ಲಿನ ಕೋಣೆಗಳು. 1859ರಲ್ಲಿ ಜಾನ್ ಥರ್ನಮ್ ಒಂದನ್ನು ಅಗೆದರು. ಉಳಿದ ನಾಲ್ಕು ಬೆಳಕಿಗೆ ಬಂದದ್ದು 1955-56ರಲ್ಲಿ, ಸ್ಟುವರ್ಟ್ ಪಿಗಟ್ ಮತ್ತು ರಿಚರ್ಡ್ ಆಟ್ಕಿನ್ಸನ್ ಅವರ ಉತ್ಖನನದಲ್ಲಿ. ಒಟ್ಟು ಕಡಿಮೆಯೆಂದರೂ 36 ಜನರ ಮೂಳೆಗಳು, ಮಕ್ಕಳದ್ದೂ ಸೇರಿ. ಶತಮಾನಗಟ್ಟಲೆ ಇಲ್ಲಿ ಹೂಳುತ್ತ ಬಂದಿರಬೇಕೆಂದೇ ವಿದ್ವಾಂಸರು ನಂಬಿದ್ದರು. 2007ರಲ್ಲಿ ಪ್ರಕಟವಾದ ಇಂಗಾಲದ ಕಾಲನಿರ್ಣಯ ಆ ನಂಬಿಕೆಯನ್ನು ಕೆಡವಿತು: ಮೊದಲ ಶವಗಳೆಲ್ಲ ಸುಮಾರು ಒಂದೇ ತಲೆಮಾರಿನ ಅವಧಿಯಲ್ಲಿ ಒಳಸೇರಿದ್ದವು. ಅಂದರೆ ಅಲ್ಲಿದ್ದವರಲ್ಲಿ ಅನೇಕರು ಒಬ್ಬರನ್ನೊಬ್ಬರು ಬಲ್ಲವರಾಗಿರಬೇಕು. ನನ್ನನ್ನು ಹೆಚ್ಚು ಕಲಕುವುದು ಇದೇ.

ಇಂಥದ್ದು ಉಳಿದದ್ದು ತಾನಾಗಿಯೇ ಅಲ್ಲ. ಏವ್‌ಬರಿಯ ಪ್ರಾಚೀನ ಬಂಡೆಗಳನ್ನು ಬೆಂಕಿಯಲ್ಲಿ ಕಾಯಿಸಿ, ನೀರು ಸುರಿದು, ಒಡೆದು ಮನೆ ಕಟ್ಟಿಕೊಂಡವರಿದ್ದರು. 1871ರಲ್ಲಿ ಅಲ್ಲಿನ ಜಮೀನು ನಿವೇಶನಗಳಾಗಿ ಮಾರಾಟಕ್ಕೆ ಬಂದಾಗ ಬ್ಯಾಂಕರ್ ಹಾಗೂ ಸಂಸದ ಜಾನ್ ಲಬ್ಬಕ್ ತಾವೇ ಕೊಂಡರು. 1873ರಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣೆಗೆ ಮಸೂದೆ ತಂದರು. ನನ್ನ ಹೊಲದಲ್ಲಿರುವುದು ನನ್ನ ಸ್ವತ್ತು ಎಂಬ ಜಮೀನುದಾರರ ವಾದದ ಮುಂದೆ ಅದು ಮತ್ತೆ ಮತ್ತೆ ಬಿತ್ತು. 1882ರಲ್ಲಿ ಕಾಯ್ದೆಯಾಯಿತು. ಬ್ರಿಟನ್ ಮತ್ತು ಐರ್ಲೆಂಡಿನ 68 ಸ್ಮಾರಕಗಳ ಮೊದಲ ಪಟ್ಟಿಯಲ್ಲಿ ವೆಸ್ಟ್ ಕೆನೆಟ್ ದಿಬ್ಬವೂ ಇತ್ತು.

ಆದರೆ ಕಾಯ್ದೆಗೆ ಹಲ್ಲಿರಲಿಲ್ಲ. ಮಾಲೀಕ ಒಪ್ಪಿದರಷ್ಟೇ ಸರ್ಕಾರದ ಸುಪರ್ದಿಗೆ. ಮೊದಲ ಇನ್‌ಸ್ಪೆಕ್ಟರ್ ಪಿಟ್ ರಿವರ್ಸ್ ಊರೂರು ತಿರುಗಿ ಮಾಲೀಕರ ಮನವೊಲಿಸಬೇಕಾಯಿತು. ಒಪ್ಪದ ಮಾಲೀಕನನ್ನೂ ತಡೆಯುವ ಅಧಿಕಾರ ಬಂದದ್ದು 1913ರ ಹೊಸ ಕಾಯ್ದೆಯಲ್ಲಿ. ಲಬ್ಬಕ್ ಅದೇ ವರ್ಷ, ಕಾಯ್ದೆಗೆ ಕೆಲವೇ ತಿಂಗಳ ಮೊದಲು ತೀರಿಕೊಂಡಿದ್ದರು. ಭಾರತದಲ್ಲಿ ವೈಸರಾಯ್ ಕರ್ಜನ್ ಕಾಲದ 1904ರ ಕಾಯ್ದೆಯಲ್ಲೇ ಭೂಸ್ವಾಧೀನಕ್ಕೆ ಅವಕಾಶವಿತ್ತು. ಇಲ್ಲಿ ಅಡ್ಡ ನಿಲ್ಲಬಲ್ಲ ಜಮೀನುದಾರರ ಸಂಸತ್ತು ಇರಲಿಲ್ಲ.

ಕೊಪ್ಪಳದ ಹಿರೇಬೆಣಕಲ್‌ನ ಶಿಲಾಸಮಾಧಿಗಳಿಗೆ ಇಂದು ಕೇಂದ್ರದ ರಕ್ಷಣೆಯಿದೆ. ಪಟ್ಟಿಗೆ ಸೇರದ ಕಲ್ಲುವೃತ್ತಗಳು ನಮ್ಮ ಹೊಲದಂಚುಗಳಲ್ಲಿ ಇನ್ನೂ ಇವೆ. ನಿಮ್ಮೂರಿನಲ್ಲಿ ಅಂಥದ್ದಿದ್ದರೆ, ಜೆಸಿಬಿ ಬರುವ ಮೊದಲೇ ಪುರಾತತ್ವ ಇಲಾಖೆಗೆ ತಿಳಿಸಿ.